ಹೊಗೆಸೊಪ್ಪಿನ ತಂಗಿ ಅಂಗಳಕ್ಕೆ ಬಂದಳು!

ಅಂಗೈ ಚಾಚಿ. ಒಂದೇ ಒಂದು ರಾಗಿ ಕಾಳು ಇಟ್ಟುಕೊಳ್ಳಿ. ಈಗ ಹೇಳಿ, ಆ ಒಂದು ಕಾಳಿನ ತೂಕಕ್ಕೆ ಪೆಟೂನಿಯಾ ಬೀಜ ಎಷ್ಟು ಬಂದೀತು?

ಎರಡು? ಐದು? ಧೈರ್ಯ ಮಾಡಿ ಹತ್ತು ಅಂದಿರಾ?

ಇಪ್ಪತ್ತೈದು! ಒಂದು ಗ್ರಾಂ ತೂಗಿದರೆ ಸುಮಾರು 10,000 ಬೀಜ! ಉಸಿರು ಬಿಗಿಹಿಡಿದು ಪೊಟ್ಟಣ ಬಿಚ್ಚಬೇಕು. ಒಂದು ಸೀನು ಬಂತೋ, ತೋಟವೇ ಹಾರಿಹೋಯಿತು!

ಈ ಲೆಕ್ಕ ಕೇಳಿ ಬೆಂಗಳೂರಿನವರು ಬೆಚ್ಚಬಹುದು. ಹುಣಸೂರಿನವರು ಬೆಚ್ಚುವುದಿಲ್ಲ. ಪಿರಿಯಾಪಟ್ಟಣದವರು ಮೀಸೆಯಲ್ಲೇ ನಗುತ್ತಾರೆ. ಯಾಕೆ ಹೇಳಿ? ಗ್ರಾಂಗೆ ಹತ್ತು ಸಾವಿರ ದಾಟುವ ಇನ್ನೊಂದು ಬೀಜವನ್ನು ಅವರು ವರ್ಷವರ್ಷವೂ ಬಿತ್ತುತ್ತಾರೆ. ಹೊಗೆಸೊಪ್ಪು!

ಇದು ಬರೀ ಕಾಕತಾಳೀಯ ಅಂದುಕೊಂಡಿರಾ? ಪೆಟೂನಿಯಾ ಎಂಬ ಹೆಸರನ್ನೇ ಒಡೆದು ನೋಡಿ. ಬ್ರೆಜಿಲ್ಲಿನ ಟುಪಿ ಜನರ ಮಾತಿನಲ್ಲಿ ‘ಪೆಟುನ್’ ಅಂದರೆ ಏನು ಗೊತ್ತೇ?

ಹೊಗೆಸೊಪ್ಪು! ಹೌದು, ಹೊಗೆಸೊಪ್ಪೇ! ಆ ಪದ ಫ್ರೆಂಚರ ಬಾಯಿಗೆ ಬಂತು. 1803ರಲ್ಲಿ ಜುಸ್ಸಿಯು ಎಂಬ ಫ್ರೆಂಚ್ ಸಸ್ಯವಿಜ್ಞಾನಿ ಈ ಗಿಡಕ್ಕೆ ಅದೇ ಹೆಸರಿಟ್ಟ. ಟೊಮೆಟೊ, ಬದನೆ, ಮೆಣಸಿನಕಾಯಿ ಇವೆಲ್ಲ ಇದೇ ಮನೆತನ. ಆದರೆ ಹೊಗೆಸೊಪ್ಪಿಗೂ ಪೆಟೂನಿಯಾಕ್ಕೂ ಇರುವ ಹೋಲಿಕೆ ಕಣ್ಣಿಗೆ ಹೊಡೆಯುವಂಥದ್ದು. ಎಲೆ ಮುಟ್ಟಿ ನೋಡಿ, ಅದೇ ಅಂಟು! ಹೂವು ನೋಡಿ, ಅದೇ ತುತ್ತೂರಿ!

ಅಂದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರದ ಮಣ್ಣಿನಲ್ಲಿ ಅಕ್ಕ ಬೇರೂರಿ ಎಷ್ಟೋ ಕಾಲವಾಯಿತು. ತಂಗಿಯನ್ನು ಮಾತ್ರ ನಾವು ನರ್ಸರಿಯಿಂದ ಕುಂಡದ ಲೆಕ್ಕದಲ್ಲಿ ದುಡ್ಡು ಕೊಟ್ಟು ತರುತ್ತಿದ್ದೇವೆ! ಬೀಜದಿಂದ ಎಬ್ಬಿಸುವ ಕಲೆ ನಮ್ಮ ಬೆರಳಲ್ಲೇ ಇರುವಾಗ!

ಇನ್ನೂ ಮಜಾ ಇದೆ. ನಿಮ್ಮ ಹೊಗೆಸೊಪ್ಪಿನ ಸಸಿ ಟ್ರೇಗಳು ಸೆಪ್ಟೆಂಬರ್‌ನಲ್ಲಿ ಎಲ್ಲಿರುತ್ತವೆ? ಅಟ್ಟದ ಮೇಲೆ, ಖಾಲಿ! ಪೆಟೂನಿಯಾ ಬಿತ್ತುವ ಕಾಲ ಯಾವುದು? ಸೆಪ್ಟೆಂಬರ್, ಅಕ್ಟೋಬರ್! ಆಗ ಬಿತ್ತಿದರೆ ಡಿಸೆಂಬರಿನ ಹಿತವಾದ ಚಳಿಗೆ ಹೂವೋ ಹೂವು. ಟ್ರೇ ಇದೆ, ತೆಂಗಿನ ನಾರಿನ ಪುಡಿ ಇದೆ, ಕೈಗೆ ಅಭ್ಯಾಸವಿದೆ. ಬೇಕಾದ್ದು ಬೀಜ ಮಾತ್ರ. ಟ್ರೇಯನ್ನು ಸೋಪು ಹಾಕಿ ತಿಕ್ಕಿ ತೊಳೆಯಿರಿ. ಯಾಕೆಂದು ಆಮೇಲೆ ಹೇಳುತ್ತೇನೆ, ಅದೊಂದು ಬೇರೆಯೇ ಕಥೆ.

ಬಿತ್ತುವಾಗ ಮಣ್ಣು ಮುಚ್ಚಬೇಡಿ! ಈ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ನೀರನ್ನು ಮೇಲಿಂದ ಸುರಿಯಬೇಡಿ, ಟ್ರೇಯನ್ನು ತಟ್ಟೆಯ ನೀರಿನಲ್ಲಿ ಕೂರಿಸಿ, ತಳದಿಂದ ಹೀರಲಿ. ಏಳರಿಂದ ಹತ್ತು ದಿನಕ್ಕೆ ಹಸಿರು ಚುಕ್ಕಿ! ನಾಲ್ಕೈದು ಎಲೆ ಬಂದಾಗ ಕುಂಡಕ್ಕೆ.

ಸರಿ, ಯಾವ ಬೀಜ? ಇಲ್ಲಿಂದ ಶುರು ನೋಡಿ, ನನ್ನ ತಲೆ ತಿರುಗಿದ್ದು!

ಅಂಗಡಿಯ ಪೊಟ್ಟಣದ ಮೇಲೆ ಗ್ರ್ಯಾಂಡಿಫ್ಲೋರಾ ಎಂದಿದ್ದರೆ ಹೂವು ಅಂಗೈಯಗಲ. ನೋಡಿದವರು ‘ಅಬ್ಬಾ’ ಅನ್ನಲೇಬೇಕು. ಆದರೆ ಒಂದು ಜೋರು ಮಳೆ ಬಿತ್ತೋ, ಒದ್ದೆ ಕರವಸ್ತ್ರ! ಮಲ್ಟಿಫ್ಲೋರಾ ಎಂದಿದ್ದರೆ ಹೂವು ಚಿಕ್ಕದು, ಎರಡು ಅಂಗುಲದ ಆಸುಪಾಸು. ಆದರೆ ಲೆಕ್ಕವಿಲ್ಲದಷ್ಟು! ಮಳೆ ನಿಂತ ಮರುದಿನ ಮತ್ತೆ ಮುಖವೆತ್ತುತ್ತದೆ. ಅಕ್ಟೋಬರ್‌ನಲ್ಲೂ ಮಳೆ ಬೆನ್ನು ಬಿಡದ ಎಚ್.ಡಿ. ಕೋಟೆಯ ಕಾಡಂಚಿನವರು ಇದನ್ನೇ ಹಿಡಿಯಲಿ ಎಂಬುದು ನನ್ನ ಹಟ. ಕೆ.ಆರ್. ನಗರದ ಬಯಲಿನವರು, ಸೂರಿನ ಕೆಳಗೆ ಕುಂಡ ಇಡುವವರು ದೊಡ್ಡ ಹೂವಿನ ಆಸೆ ತೀರಿಸಿಕೊಳ್ಳಲಿ. ಮಿಲಿಫ್ಲೋರಾ ಅಂತ ಇನ್ನೊಂದಿದೆ, ನಾಣ್ಯದಷ್ಟೇ ಹೂವು. ಮುದ್ದು, ಅಷ್ಟೇ.

ಇನ್ನು ಹಬ್ಬುವ ಜಾತಿ. ‘ಪರ್ಪಲ್ ವೇವ್’ ಕೇಳಿದ್ದೀರಾ? ಎತ್ತರ ಒಂದು ಗೇಣೂ ಇಲ್ಲ. ಅಗಲ? ಮೂರರಿಂದ ನಾಲ್ಕು ಅಡಿ! ಒಂದೇ ಬೀಜದಿಂದ! 1995ರಲ್ಲಿ ಅಮೆರಿಕದಲ್ಲಿ ಪ್ರಶಸ್ತಿ ಗೆದ್ದ ಈ ತಳಿಯ ಹಿಂದಿದ್ದ ಕಂಪನಿ ಯಾವುದು, ಊಹಿಸಿ. ಬೀಜದ ಕಂಪನಿಯೇ? ಗೊಬ್ಬರದ್ದೇ?

ಬಿಯರ್ ಕಂಪನಿ! ಜಪಾನಿನ ಕಿರಿನ್! ಬಿಯರ್ ಕಾಯಿಸುವವರು ಹೂವು ಹಬ್ಬಿಸಿದರು!

ಜಪಾನ್ ಅಂದಮೇಲೆ ಸುತ್ತು ಪೆಟೂನಿಯಾ ಬಿಟ್ಟು ಮುಂದೆ ಹೋಗಲಾರೆ. ನಮ್ಮ ಸುತ್ತು ಮಲ್ಲಿಗೆಯ ಹಾಗೆ ದಳದೊಳಗೆ ದಳ, ದಳದೊಳಗೆ ದಳ! ಆದರೆ ಇಂಥ ಹೂವಿಗೆ ಸಾಮಾನ್ಯವಾಗಿ ಬೀಜ ಕಟ್ಟುವ ಭಾಗವೇ ನೆಟ್ಟಗಿರುವುದಿಲ್ಲ. ಪರಾಗ ಮಾತ್ರ ಕೊಡಬಲ್ಲದು. ಆ ಪರಾಗವನ್ನು ಸಾದಾ ಹೂವಿಗೆ ಮುಟ್ಟಿಸಿದರೆ ಹುಟ್ಟಿದ ಸಸಿಗಳಲ್ಲಿ ಒಂದಷ್ಟು ಸುತ್ತು, ಒಂದಷ್ಟು ಸಾದಾ. ಹೂ ಬಿಡುವ ತನಕ ಯಾವುದು ಯಾವುದೋ! ಲೋಕವೆಲ್ಲ ಕೈಚೆಲ್ಲಿ ಕೂತಿದ್ದಾಗ ಜಪಾನಿನ ಸಕಾಟ ಕಂಪನಿ 1930ರ ದಶಕದಲ್ಲಿ ಒಂದು ಬೀಜ ಹೊರತಂದಿತು. ನೂರು ಬಿತ್ತಿದರೆ ನೂರೂ ಸುತ್ತು!

ಬೆಲೆ? ತೂಕಕ್ಕೆ ತೂಕ ಚಿನ್ನವನ್ನೇ ಮೀರಿಸಿತು!

ನಮ್ಮಲ್ಲೂ ಇಂಥ ಕೈಚಳಕ ನಡೆದಿದೆ. 1965ರಲ್ಲಿ ಮನಮೋಹನ ಅತ್ತಾವರ ಅವರು ಬೆಂಗಳೂರಿನಲ್ಲಿ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್ ಶುರುಮಾಡಿದರು. ಒಂದೊಂದೇ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿ ಕಟ್ಟಿದ ಹೈಬ್ರಿಡ್ ಹೂಬೀಜ ಇಲ್ಲಿಂದ ಹೊರದೇಶಕ್ಕೆ ಹೋಯಿತು! ಹೈಬ್ರಿಡ್ ಪೊಟ್ಟಣ ಯಾಕಿಷ್ಟು ದುಬಾರಿ ಎಂದು ಗೊಣಗುವ ಮೊದಲು ಆ ಬೆರಳುಗಳನ್ನು ನೆನೆಯಿರಿ. ಅಂದಹಾಗೆ ಹೈಬ್ರಿಡ್ ಗಿಡದ ಬೀಜ ಎತ್ತಿಟ್ಟು ಮರುವರ್ಷ ಬಿತ್ತಿದರೆ ತಾಯಿಯ ಹಾಗೆಯೇ ಬರುವುದಿಲ್ಲ. ಏನು ಬರುತ್ತದೆ? ಅದನ್ನು ನೋಡಲೆಂದೇ ಒಂದು ಟ್ರೇ ಮೀಸಲಿಡುವ ಹುಚ್ಚು ನನಗಿದೆ!

ಬಣ್ಣದ ವಿಷಯಕ್ಕೆ ಬರೋಣ. ನೇರಳೆ ಹೂವನ್ನು ಇನ್ನಷ್ಟು ಗಾಢ ಮಾಡಬೇಕು. ನೀವಾದರೆ ಏನು ಮಾಡುತ್ತೀರಿ? ಕ್ಯಾಲಿಫೋರ್ನಿಯಾದ ರಿಚರ್ಡ್ ಜೋರ್ಗೆನ್ಸನ್, ಕ್ಯಾರೊಲಿನ್ ನಪೋಲಿ ಮತ್ತು ಜೊತೆಗಾರರು ಬಣ್ಣ ಕಟ್ಟುವ ಜೀನನ್ನು ಇನ್ನೊಂದಿಷ್ಟು ಸೇರಿಸಿದರು. ಹೂವು ಅರಳಿತು. ಕಡುನೇರಳೆ?

ಅಚ್ಚ ಬಿಳಿ! ಕೆಲವು ಅರ್ಧ ಬಿಳಿ, ಅರ್ಧ ನೇರಳೆ!

ಬಣ್ಣ ಹೆಚ್ಚಿಸಲು ಹೋದರೆ ಇದ್ದ ಬಣ್ಣವೂ ಮಾಯ! 1990ರಲ್ಲಿ ಈ ವಿಚಿತ್ರ ಪ್ರಕಟವಾಯಿತು. ಮುಂದೆ ಒಂದು ಹುಳುವಿನಲ್ಲಿ ಜೀನಿನ ಬಾಯಿ ಮುಚ್ಚಿಸುವ ಗುಟ್ಟು ಬಯಲಾಯಿತು. ಅದನ್ನು ಬಿಡಿಸಿದ ಫೈರ್ ಮತ್ತು ಮೆಲ್ಲೊ ಅವರಿಗೆ 2006ರಲ್ಲಿ ನೊಬೆಲ್! ಪೆಟೂನಿಯಾದಲ್ಲಿ ನಡೆದದ್ದೂ ಅದೇ ಆಟ! ಪೊಟ್ಟಣದ ಮೇಲೆ ನಕ್ಷತ್ರದ ಪಟ್ಟೆ, ಬಿಳಿ ಅಂಚು ಇರುವ ಜಾತಿ ಕಂಡರೆ ತಪ್ಪದೆ ತನ್ನಿ. ಆ ಬಿಳಿ ಜಾಗದಲ್ಲಿ ಬಣ್ಣದ ಜೀನು ಇದೆ, ಆದರೆ ಬಾಯಿ ಕಟ್ಟಿದೆ. ಚಳಿ ಸೆಕೆ ಏರಿಳಿದಂತೆ ಬಿಳಿಯ ಪಾಲೂ ಬದಲಾಗುತ್ತದೆ! ಒಂದೇ ಗಿಡದ ಡಿಸೆಂಬರಿನ ಹೂವನ್ನು ಮಾರ್ಚ್‌ನ ಹೂವಿಗೆ ಹೋಲಿಸಿ ನೋಡಿ.

ಕಿತ್ತಳೆ ಬಣ್ಣದ್ದು ಬೇಕೇ? ತಾಳಿ, ಅದೊಂದು ಪತ್ತೇದಾರಿ ಕಥೆ! 2015ರಲ್ಲಿ ಫಿನ್‌ಲೆಂಡಿನ ವಿಜ್ಞಾನಿ ಟೀಮು ಟೀರಿ ಹೆಲ್ಸಿಂಕಿ ರೈಲು ನಿಲ್ದಾಣದ ಹತ್ತಿರ ಹೋಗುತ್ತಿದ್ದರು. ಹೂಕುಂಡದಲ್ಲಿ ಕಿತ್ತಳೆ ಪೆಟೂನಿಯಾ! ಕಾಲು ನಿಂತಿತು. ಪೆಟೂನಿಯಾಕ್ಕೆ ಆ ಬಣ್ಣ ಹುಟ್ಟಿನಿಂದ ಬರುವುದಿಲ್ಲವಲ್ಲ! ಒಂದು ಚೂರು ಚಿವುಟಿ ತಂದು ಪರೀಕ್ಷಿಸಿದರು. ಒಳಗೆ ಸಿಕ್ಕಿದ್ದು ಏನು?

ಮುಸುಕಿನ ಜೋಳದ ಜೀನು! 1987ರಲ್ಲಿ ಜರ್ಮನಿಯ ಪ್ರಯೋಗಾಲಯವೊಂದು ಸೇರಿಸಿದ್ದಂಥದ್ದೇ! ಯಾರಿಗೂ ತಿಳಿಯದಂತೆ ಅದು ಮಾರುಕಟ್ಟೆಗೆ ಬಂದು ಕೂತಿತ್ತು. 2017ರಲ್ಲಿ ಯುರೋಪು, ಅಮೆರಿಕಗಳಲ್ಲಿ ರಾಶಿ ರಾಶಿ ಕಿತ್ತಳೆ ಪೆಟೂನಿಯಾ ನಾಶವಾಯಿತು. 2014ರಲ್ಲಿ ಪ್ರಶಸ್ತಿ ಗೆದ್ದಿದ್ದ ‘ಆಫ್ರಿಕನ್ ಸನ್‌ಸೆಟ್’ ಕೂಡ!

ಈಗ ಗಿಡ ಗೇಣುದ್ದ ಬಂತು ಅನ್ನಿ. ಕುಡಿ ಚಿವುಟಿ! ಹೊಗೆಸೊಪ್ಪಿನಲ್ಲಿ ಕುಡಿ ಮುರಿಯುವುದು ಎಲೆ ದಪ್ಪವಾಗಲೆಂದು. ಆಮೇಲೆ ಪಕ್ಕದಲ್ಲಿ ಒಡೆಯುವ ಕುಡಿಗಳನ್ನು ಶತ್ರುವಿನಂತೆ ಕೀಳುತ್ತೇವೆ. ಇಲ್ಲಿ? ಆ ಪಕ್ಕದ ಕುಡಿಗಳೇ ಬೇಕು! ಒಂದೊಂದರ ತುದಿಗೂ ಹೂವು! ಅಕ್ಕನಿಗೆ ಮಾಡಿದ ಅದೇ ಕೆಲಸ, ತಂಗಿಯಲ್ಲಿ ಫಲ ತಿರುವುಮುರುವು!

ಟ್ರೇ ತಿಕ್ಕಿ ತೊಳೆಯಿರಿ ಎಂದಿದ್ದೆನಲ್ಲ. ನಂಟಸ್ತಿಕೆಯ ಜೊತೆ ಕಾಯಿಲೆಯೂ ಬರುತ್ತದೆ. ಹೊಗೆಸೊಪ್ಪಿನ ಮೊಸಾಯಿಕ್ ವೈರಸ್, ಎಲೆಯಲ್ಲಿ ತಿಳಿಹಸಿರು ಕಡುಹಸಿರು ಚಿತ್ತಾರ ಬರೆಯುತ್ತದಲ್ಲ, ಅದಕ್ಕೆ ಪೆಟೂನಿಯಾ ಅಂದರೂ ಇಷ್ಟ! ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್‌ನೊಳಗಿನ ಬಿಸಿ ಕೊನೆಗೆ 70 ಡಿಗ್ರಿಯ ಆಸುಪಾಸು ಮುಟ್ಟುತ್ತದೆ. ಆ ವೈರಸ್ ಸಾಯಲು? 90 ದಾಟಬೇಕು! ಒಣಗಿದ ಸೊಪ್ಪಿನಲ್ಲಿ, ಬೀಡಿಯಲ್ಲಿ, ಸಿಗರೇಟಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದು ಕೂತಿರಬಲ್ಲದು. ಸೊಪ್ಪು ಕಟ್ಟಿದ ಕೈಯಲ್ಲಿ ಸಸಿ ಮುಟ್ಟಿದಿರೋ, ಮುಗಿಯಿತು!

ಕೊನೆಗೆ ನನ್ನ ಮೆಚ್ಚಿನದು. ಬಿಳಿ! ಅಂಗಡಿಯಲ್ಲಿ ಯಾರೂ ತಿರುಗಿ ನೋಡದ ಸಾದಾ ಬಿಳಿ! ತೋಟದ ಪೆಟೂನಿಯಾಕ್ಕೆ ಮೂಲ ಅಜ್ಜಿಯರು ಇಬ್ಬರು, ಹಗಲು ಜೇನ್ನೊಣ ಕರೆಯುವ ನೇರಳೆ, ರಾತ್ರಿ ಪತಂಗ ಕರೆಯುವ ಬಿಳಿ. ಆ ಬಿಳಿ ಅಜ್ಜಿಯ ಗುಣ ಉಳಿದ ಜಾತಿ ಸಿಕ್ಕರೆ, ಹಗಲೆಲ್ಲ ಮೂಗಿಗೆ ಹಿಡಿದರೂ ಪರಿಮಳ ಅಷ್ಟಕ್ಕಷ್ಟೇ. ಹೊತ್ತು ಮುಳುಗಲಿ, ಘಮ್ಮೆನ್ನುತ್ತದೆ!

ಅದಕ್ಕೇ ನನ್ನದೊಂದು ಹುಚ್ಚು ಸಲಹೆ. ನಾಲ್ಕು ಬಿಳಿ ಬೀಜವನ್ನು ಮೇ ತಿಂಗಳಲ್ಲೇ ಬಿತ್ತಿ, ಮಳೆಹನಿ ತಾಗದ ಜಗಲಿಯಂಚಿನಲ್ಲಿ ಇಡಿ. ಬಿಸಿಲು ಸಾಲದೆ ಗಿಡ ಸ್ವಲ್ಪ ಸಣಕಲಾದೀತು, ಆಗಲಿ. ಆಗಸ್ಟ್‌ನ ನಡುರಾತ್ರಿ ಬ್ಯಾರನ್ ಉರಿ ಕಾಯುತ್ತಾ, ತೂಕಡಿಸುತ್ತಾ ಕೂತಾಗ ಕತ್ತಲೊಳಗಿಂದ ತೇಲಿ ಬರುತ್ತದೆ ನೋಡಿ ಒಂದು ಗಾಳಿ! ಎದ್ದು ಹೋಗಿ. ಬಗ್ಗಿ ಮೂಸಿ.

ಅಯ್ಯೋ, ಮುಟ್ಟಬೇಡಿ! ಕೈ ತೊಳೆದಿರಾ?