ಗುಡುಗುವ ಗಿಟಾರಿಗೆ ಡಿಸ್ಕೊ ಹೆಜ್ಜೆ

1985ರ ಜುಲೈ 13. ಇಥಿಯೋಪಿಯಾದ ಬರಪೀಡಿತರ ನೆರವಿಗಾಗಿ ಏರ್ಪಟ್ಟಿದ್ದ ಲೈವ್ ಏಡ್ ಕಾರ್ಯಕ್ರಮದ ದಿನ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೆಡ್ ಝೆಪ್ಪೆಲಿನ್ ತಂಡದ ಉಳಿದ ಮೂವರು ಮತ್ತೆ ಒಂದೇ ವೇದಿಕೆ ಹತ್ತಿದರು. ಅವರ ಡ್ರಮ್ಮರ್ ಜಾನ್ ಬಾನಮ್ ತೀರಿಕೊಂಡು ಐದು ವರ್ಷವಾಗುತ್ತ ಬಂದಿತ್ತು. ಹೆವಿ ಮೆಟಲ್ ಡ್ರಮ್ಮರುಗಳೆಲ್ಲ ಇಂದಿಗೂ ಗುರುಸ್ಥಾನದಲ್ಲಿ ಇಟ್ಟುಕೊಂಡಿರುವ ಆ ಬಾನಮ್ ಜಾಗದಲ್ಲಿ ಅಂದು ಕೂತವರು ಇಬ್ಬರು. ಒಬ್ಬರು ಫಿಲ್ ಕಾಲಿನ್ಸ್. ಇನ್ನೊಬ್ಬರು ಟೋನಿ ಥಾಂಪ್ಸನ್. ಈ ಥಾಂಪ್ಸನ್ 'ಲೆ ಫ್ರೀಕ್', 'ಗುಡ್ ಟೈಮ್ಸ್'ನಂಥ ಹಾಡುಗಳಿಂದ ಜಗತ್ತನ್ನು ಕುಣಿಸಿದ ಶೀಕ್ ತಂಡದವರು. ಅಂದರೆ ಅಪ್ಪಟ ಡಿಸ್ಕೊ ಮನೆಯಿಂದ ಬಂದವರು.

ಅಂದಿನ ಕಛೇರಿ ಚೆನ್ನಾಗಿ ಆಗಲಿಲ್ಲ ಎಂಬುದು ಬೇರೆ ಮಾತು. ಮುಂದೆ ಲೈವ್ ಏಡ್ ಡಿವಿಡಿ ಬಂದಾಗ ಅದರಲ್ಲಿ ತಮ್ಮ ಭಾಗ ಇರಕೂಡದೆಂದು ಝೆಪ್ಪೆಲಿನ್‌ನವರೇ ನಿಂತರು. ಆದರೆ ಬಾನಮ್ ಜಾಗಕ್ಕೆ ಒಬ್ಬ ಡಿಸ್ಕೊ ಡ್ರಮ್ಮರನನ್ನು ಕರೆಯಲು ಅವರು ಹಿಂದೆಮುಂದೆ ನೋಡಿರಲಿಲ್ಲ. ಹೆವಿ ಮೆಟಲ್‌ಗೂ ಡಿಸ್ಕೊಗೂ ಎಣ್ಣೆ-ಸೀಗೆಕಾಯಿ ಸಂಬಂಧ ಎಂದು ನಂಬಿಕೊಂಡು ಬಂದವರು ಕೇಳುಗರು. ನುಡಿಸುವವರು ಹಾಗೆ ನಂಬಿದ್ದು ಕಡಿಮೆ. ಅವರು ಒಂದೇ ಸ್ಟುಡಿಯೊದಲ್ಲಿ, ಒಂದೇ ಕಂಪನಿಯ ಸೂರಿನಡಿ ಕೆಲಸ ಮಾಡಿದವರು.

ಡಿಸ್ಕೊ ಬೀಟ್ ಎಂದರೇನು ಎಂಬುದನ್ನು ಮೊದಲು ನೋಡೋಣ. ಸಾಮಾನ್ಯ ರಾಕ್ ಹಾಡಿನಲ್ಲಿ ಕಾಲಿನಿಂದ ಒತ್ತುವ ಬಾಸ್ ಡ್ರಮ್ ಮುಖ್ಯವಾಗಿ ಒಂದು ಮತ್ತು ಮೂರನೆಯ ಪೆಟ್ಟಿಗೆ ಬೀಳುತ್ತದೆ, ಕೈಯ ಸ್ನೇರ್ ಎರಡು ಮತ್ತು ನಾಲ್ಕಕ್ಕೆ. ಡಿಸ್ಕೊದಲ್ಲಿ ಬಾಸ್ ಡ್ರಮ್ ನಾಲ್ಕೂ ಪೆಟ್ಟಿಗೆ ಬೀಳುತ್ತದೆ, ಒಂದೂ ತಪ್ಪುವುದಿಲ್ಲ. ಅದರ ಮೇಲೆ, ಪೆಟ್ಟು-ಪೆಟ್ಟಿನ ನಡುವಿನ ಅರೆಯಲ್ಲಿ, ಹೈ-ಹ್ಯಾಟ್ ತಾಳ ಬಾಯಿ ತೆರೆದು 'ತ್ಸಿ' ಎನ್ನುತ್ತದೆ. ಚತುರಶ್ರ ನಡೆಯಲ್ಲಿ ತೊಡೆ ತಟ್ಟಿ ತಾಳ ಹಾಕುವವರು ಇದನ್ನು ತಟಕ್ಕನೆ ಹಿಡಿಯಬಲ್ಲರು: ತಟ್ಟಿದಲ್ಲೆಲ್ಲ ಬಾಸ್ ಡ್ರಮ್, ಕೈ ಮೇಲೆದ್ದಲ್ಲೆಲ್ಲ ಹೈ-ಹ್ಯಾಟ್. ಈ ಬೀಟನ್ನು ಹದಕ್ಕೆ ತಂದ ಕೀರ್ತಿ ಅದೇ ಫಿಲಡೆಲ್ಫಿಯಾದ ಡ್ರಮ್ಮರ್ ಅರ್ಲ್ ಯಂಗ್ ಅವರದು. 1973ರಲ್ಲಿ ಹೆರಾಲ್ಡ್ ಮೆಲ್ವಿನ್ ಮತ್ತು ಬ್ಲೂ ನೋಟ್ಸ್ ತಂಡಕ್ಕಾಗಿ ಅವರು ನುಡಿಸಿದ 'ದ ಲವ್ ಐ ಲಾಸ್ಟ್' ಹಾಡಿನಿಂದಲೇ ಡಿಸ್ಕೊ ನಡೆ ಶುರುವಾಯಿತು ಎನ್ನುತ್ತಾರೆ.

ಇನ್ನು ಮೆಟಲ್ ಗಿಟಾರ್. ಅದರ ಜೀವಾಳ ಪವರ್ ಕಾರ್ಡ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ ಮತ್ತು ಪಂಚಮ ಎರಡೇ ಸ್ವರ, ಒಟ್ಟಿಗೆ. ನಡುವೆ ಗಾಂಧಾರವಿಲ್ಲ. ಅಂತರ ಗಾಂಧಾರ ಬಂದರೆ ಹಾಡು ಹಿಗ್ಗುತ್ತದೆ, ಸಾಧಾರಣ ಗಾಂಧಾರ ಬಂದರೆ ಮುದುಡುತ್ತದೆ. ಎರಡೂ ಇಲ್ಲದಾಗ ಉಳಿಯುವುದು ಬರಿಯ ಭಾರ, ಬರಿಯ ದನಿ. ಅದನ್ನು ಆಂಪ್ಲಿಫೈಯರಿನಲ್ಲಿ ಒಡೆದು ಗರಗರ ಮಾಡಿಸಿ, ಅಂಗೈ ಅಂಚಿನಿಂದ ತಂತಿಗಳನ್ನು ಅದುಮಿ ಹೊಡೆದರೆ ಮೆಟಲ್ ರಿಫ್. ಗಮನಿಸಬೇಕಾದದ್ದು ಇಲ್ಲೇ: ಈ ರಿಫ್ ತಾನೇ ಅರ್ಧ ತಾಳವಾದ್ಯ. ಅದರ ಕೆಳಗೆ ಡ್ರಮ್ಮರ್ ಸುತ್ತಿ ಬಳಸಿ ನುಡಿಸಿದರೆ ಇಬ್ಬರಿಗೂ ಜಾಗ ಸಾಲದು. ಬಾಸ್ ಡ್ರಮ್ ನಾಲ್ಕೂ ಪೆಟ್ಟನ್ನು ಹೊತ್ತುಕೊಂಡು ನೆಲ ಗಟ್ಟಿ ಮಾಡಿಬಿಟ್ಟರೆ ಗಿಟಾರ್ ನಿರಾಳವಾಗಿ ತುಂಡು ಮಾಡಿಕೊಂಡು, ಬಿಡುವು ಕೊಟ್ಟುಕೊಂಡು ಆಡಬಹುದು. ಭಾರವಾದ ಗಿಟಾರಿಗೆ ಡಿಸ್ಕೊ ಬೀಟ್ ಒಗ್ಗುವುದು ಇದರಿಂದ.

ಇದರ ದೊಡ್ಡ ಉದಾಹರಣೆ ಕಿಸ್ ತಂಡದ 'ಐ ವಾಸ್ ಮೇಡ್ ಫಾರ್ ಲವಿಂಗ್ ಯೂ'. 1979ರ ಮೇ ತಿಂಗಳಲ್ಲಿ ಬಂದ 'ಡೈನಸ್ಟಿ' ಆಲ್ಬಮ್ಮಿನ ಹಾಡು. ಕಿಸ್ ಅಂದರೆ ಮುಖಕ್ಕೆ ಬಿಳಿ-ಕಪ್ಪು ಬಣ್ಣ, ಎತ್ತರದ ಬೂಟು, ಬಾಯಿಂದ ಬೆಂಕಿ, ಕೃತಕ ರಕ್ತ. ಅವರದು ಮೆಟಲ್ ಅಲ್ಲ, ಹಾರ್ಡ್ ರಾಕ್ ಎಂದು ವಾದಿಸುವವರಿದ್ದಾರೆ. ವಾದ ಇರಲಿ, ಮುಂದಿನ ಎಷ್ಟೋ ಮೆಟಲ್ ತಂಡಗಳು ಅವರನ್ನು ನೋಡಿಯೇ ಗಿಟಾರ್ ಹಿಡಿದವು. ಈ ತಂಡದ ಹಾಡುಗಾರ ಪಾಲ್ ಸ್ಟ್ಯಾನ್ಲಿ ನ್ಯೂಯಾರ್ಕಿನ ಸ್ಟುಡಿಯೊ 54 ಎಂಬ ಹೆಸರಾಂತ ಡಿಸ್ಕೊ ಕ್ಲಬ್ಬಿಗೆ ಹೋಗುತ್ತಿದ್ದರು. ಅಲ್ಲಿ ಕೇಳಿಸುವ ಹಾಡುಗಳೆಲ್ಲ ನಿಮಿಷಕ್ಕೆ ಸುಮಾರು 126 ಪೆಟ್ಟಿನ ವೇಗದಲ್ಲಿರುವುದನ್ನು ಗಮನಿಸಿ, ಅದೇ ವೇಗಕ್ಕೆ ಡ್ರಮ್ ಯಂತ್ರ ಹೊಂದಿಸಿಕೊಂಡು ಹಾಡು ಕಟ್ಟತೊಡಗಿದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಜತೆಗೆ ಬರೆದವರು ನಿರ್ಮಾಪಕ ವಿನಿ ಪೊನ್ಷಿಯಾ ಮತ್ತು ಡೆಸ್ಮಂಡ್ ಚೈಲ್ಡ್. ಈ ಚೈಲ್ಡ್ ಮುಂದೆ 1986ರಲ್ಲಿ ಬಾನ್ ಜೋವಿ ತಂಡದೊಡನೆ ಸೇರಿ 'ಲಿವಿಂಗ್ ಆನ್ ಎ ಪ್ರೇಯರ್' ಬರೆದರು. ಎಂಬತ್ತರ ದಶಕದ ಹಾರ್ಡ್ ರಾಕ್‌ನ ದೊಡ್ಡ ದೊಡ್ಡ ಹಾಡುಗಳ ಹಿಂದೆ ಹೀಗೆ ಡಿಸ್ಕೊ ಕಾಲದಲ್ಲಿ ಪಳಗಿದ ಕೈ ಇತ್ತು.

ಹಾಡಿನಲ್ಲಿ ಡ್ರಮ್ಸ್ ನುಡಿಸಿದ್ದು ಕಿಸ್‌ನ ಡ್ರಮ್ಮರ್ ಪೀಟರ್ ಕ್ರಿಸ್ ಅಲ್ಲ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಿಂದ ಬಂದ ಆಂಟನ್ ಫಿಗ್. ಆಲ್ಬಮ್ಮಿನ ಒಂದು ಹಾಡು ಬಿಟ್ಟು ಉಳಿದದ್ದೆಲ್ಲ ಅವರದೇ, ಆದರೆ ಹೊದಿಕೆಯ ಮೇಲೆ ಅವರ ಹೆಸರಿಲ್ಲ. ಇದು ನನಗೆ ಈಗಲೂ ಅನ್ಯಾಯ ಎನಿಸುತ್ತದೆ. ಯಾಕೆಂದರೆ ಹಾಡಿನ ಬೆನ್ನೆಲುಬೇ ಆ ಬೀಟು. ಬಾಸ್ ಡ್ರಮ್ ಒಂದೇ ಸಮನೆ ನಡೆಯುತ್ತದೆ, ಅದಕ್ಕೆ ಅಂಟಿಕೊಂಡು ಅದುಮಿದ ಗಿಟಾರ್ ಓಡುತ್ತದೆ, ಪಲ್ಲವಿಗೆ ಬಂದಾಗ ಪೂರ್ತಿ ಕಾರ್ಡ್‌ಗಳು ಬಾಯಿ ಬಿಡುತ್ತವೆ. ಡಿಸ್ಕೊದಲ್ಲಿ ಪಿಟೀಲುಗಳ ದಂಡು ಮಾಡುವ ಕೆಲಸವನ್ನು ಇಲ್ಲಿ ಗಿಟಾರ್ ಮಾಡುತ್ತದೆ. ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 11ನೆಯ ಸ್ಥಾನಕ್ಕೇರಿತು, ಚಿನ್ನದ ಡಿಸ್ಕ್ ಗಳಿಸಿತು. ತಂಡದ ಜೀನ್ ಸಿಮನ್ಸ್‌ಗೆ ಮಾತ್ರ ಈ ಹಾಡು ಎಂದೂ ಸೇರಲಿಲ್ಲ, ಅದನ್ನು ಅವರು ಬಹಿರಂಗವಾಗಿಯೇ ಹೇಳುತ್ತ ಬಂದರು. ಅಭಿಮಾನಿಗಳಲ್ಲೂ ಬಹಳ ಜನ ಮುನಿಸಿಕೊಂಡರು. ಹಾಗಿದ್ದೂ ಕಿಸ್ ಎಂದರೆ ಜಗತ್ತಿನ ಎಷ್ಟೋ ಜನರಿಗೆ ಇಂದಿಗೂ ಥಟ್ಟನೆ ನೆನಪಾಗುವುದು ಇದೇ ಹಾಡು.

ಕಿಸ್ ಯಾವ ಕಂಪನಿಯಲ್ಲಿತ್ತು ಎಂಬುದನ್ನೂ ನೋಡಬೇಕು. ನೀಲ್ ಬೊಗಾರ್ಟ್ 1973ರಲ್ಲಿ ಕಟ್ಟಿದ ಕಾಸಾಬ್ಲಾಂಕಾ ರೆಕಾರ್ಡ್ಸ್‌ನಲ್ಲಿ. ಅದೇ ಕಂಪನಿಯಲ್ಲಿ ಡಿಸ್ಕೊ ರಾಣಿ ಡೋನಾ ಸಮ್ಮರ್ ಇದ್ದರು, ವಿಲೇಜ್ ಪೀಪಲ್ ಇದ್ದರು. ಬೆಂಕಿಯುಗುಳುವ ಗಂಡಸರ ಮತ್ತು ಕುಣಿಸುವ ಹೆಂಗಸಿನ ರೆಕಾರ್ಡುಗಳು ಒಂದೇ ಗೋದಾಮಿನಿಂದ ಹೊರಬೀಳುತ್ತಿದ್ದವು. ಮ್ಯೂನಿಕ್‌ನಲ್ಲಿ ಇನ್ನೂ ಸೊಗಸು. ಡೋನಾ ಸಮ್ಮರ್ ಹಾಡುಗಳ ಶಿಲ್ಪಿ ಜಾರ್ಜಿಯೊ ಮೊರೊಡರ್ ಒಂದು ಹೋಟೆಲ್ ಕಟ್ಟಡದ ನೆಲಮಾಳಿಗೆಯಲ್ಲಿ ಮ್ಯೂಸಿಕ್‌ಲ್ಯಾಂಡ್ ಎಂಬ ಸ್ಟುಡಿಯೊ ನಡೆಸುತ್ತಿದ್ದರು. ಡಿಸ್ಕೊ ಚರಿತ್ರೆಯ ದಿಕ್ಕು ಬದಲಿಸಿದ 'ಐ ಫೀಲ್ ಲವ್' 1977ರಲ್ಲಿ ಬಂದದ್ದು ಅಲ್ಲಿಂದ. ಅದೇ ಕೋಣೆಯಲ್ಲಿ ಡೀಪ್ ಪರ್ಪಲ್ ಧ್ವನಿಮುದ್ರಿಸಿಕೊಂಡಿತು, 1975ರ ನವೆಂಬರಿನಲ್ಲಿ ಲೆಡ್ ಝೆಪ್ಪೆಲಿನ್ 'ಪ್ರೆಸೆನ್ಸ್' ಆಲ್ಬಮ್ ಮಾಡಿತು. ಕ್ವೀನ್ ತಂಡದ 'ಅನದರ್ ಒನ್ ಬೈಟ್ಸ್ ದ ಡಸ್ಟ್' ಕೂಡ ಅಲ್ಲಿಯದೇ. ಅದರ ಬಾಸ್ ಎಳೆಯ ಹಿಂದೆ ಶೀಕ್ ತಂಡದ 'ಗುಡ್ ಟೈಮ್ಸ್' ಇದೆ ಎಂಬುದು ಕಿವಿಯಿದ್ದವರಿಗೆಲ್ಲ ಗೊತ್ತು.

ಈ ಸೇತುವೆಯ ಡಿಸ್ಕೊ ತುದಿಯಿಂದಲೂ ಜನ ನಡೆದು ಬಂದರು. ಡೋನಾ ಸಮ್ಮರ್ ಅವರ 1979ರ 'ಹಾಟ್ ಸ್ಟಫ್' ಹಾಡಿಗೆ ಮೊರೊಡರ್ ಗಿಟಾರ್ ಸೋಲೊ ಬೇಕೆಂದು ಕರೆಸಿದ್ದು ಡೂಬಿ ಬ್ರದರ್ಸ್, ಸ್ಟೀಲಿ ಡ್ಯಾನ್ ತಂಡಗಳಲ್ಲಿ ನುಡಿಸಿ ಹೆಸರಾಗಿದ್ದ ಜೆಫ್ ಬ್ಯಾಕ್ಸ್‌ಟರ್ ಅವರನ್ನು. ಮಹಿಳಾ ರಾಕ್ ಗಾಯನಕ್ಕೆ ಮೊದಲ ಬಾರಿಗೆ ಗ್ರ್ಯಾಮಿ ಪ್ರಶಸ್ತಿ ಕೊಟ್ಟಾಗ ಅದು ಹೋದದ್ದು ಈ ಹಾಡಿಗೇ. ರಾಕ್ ವಿಭಾಗದ ಪ್ರಶಸ್ತಿ, ಡಿಸ್ಕೊ ರಾಣಿಯ ಕೈಗೆ.

ಆದರೆ ಆ ವರ್ಷದ ಬೇಸಿಗೆಯಲ್ಲಿ ಬೀದಿಯ ಹವೆ ಬೇರೆಯೇ ಇತ್ತು. ಜುಲೈ 12ರಂದು ಷಿಕಾಗೊದ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಸ್ಟೀವ್ ಡಾಲ್ ಎಂಬ ರೇಡಿಯೊ ನಿರೂಪಕ 'ಡಿಸ್ಕೊ ಡೆಮಾಲಿಷನ್ ನೈಟ್' ನಡೆಸಿದರು. ತಾವು ಕೆಲಸ ಮಾಡುತ್ತಿದ್ದ ರೇಡಿಯೊ ಕೇಂದ್ರ ಡಿಸ್ಕೊಗೆ ತಿರುಗಿದ್ದರಿಂದ ನೌಕರಿ ಕಳೆದುಕೊಂಡಿದ್ದವರು ಅವರು. ಒಂದು ಡಿಸ್ಕೊ ರೆಕಾರ್ಡ್ ತಂದವರಿಗೆ 98 ಸೆಂಟ್‌ಗೆ ಟಿಕೆಟ್. ಅಂದಿನ ಎರಡು ಪಂದ್ಯಗಳ ನಡುವೆ ಆ ರೆಕಾರ್ಡುಗಳನ್ನು ಪೆಟ್ಟಿಗೆಗೆ ತುಂಬಿ ಮೈದಾನದ ನಡುವೆ ಸಿಡಿಸಲಾಯಿತು. ಸಾವಿರಾರು ಜನ ಒಳನುಗ್ಗಿ ಹುಲ್ಲು ಕಿತ್ತರು, ಬೆಂಕಿ ಹಚ್ಚಿದರು. ಎರಡನೆಯ ಪಂದ್ಯ ನಡೆಯಲೇ ಇಲ್ಲ, ಆತಿಥೇಯ ವೈಟ್ ಸಾಕ್ಸ್ ಸೋತಂತೆ ಘೋಷಿಸಲಾಯಿತು. ಬಂದವರಲ್ಲಿ ಹೆಚ್ಚಿನವರು ರಾಕ್ ಅಭಿಮಾನಿಗಳಾದ ಬಿಳಿಯ ಹುಡುಗರು.

ಅಂದು ಆ ಮೈದಾನದಲ್ಲಿ ಪ್ರೇಕ್ಷಕರಿಗೆ ಸೀಟು ತೋರಿಸುವ ಕೆಲಸದಲ್ಲಿದ್ದ ಕಪ್ಪು ಯುವಕ ವಿನ್ಸ್ ಲಾರೆನ್ಸ್. ಜನ ತಂದು ಎಸೆದ ರೆಕಾರ್ಡುಗಳಲ್ಲಿ ಡಿಸ್ಕೊ ಅಲ್ಲದ, ಬರೀ ಕಪ್ಪು ಕಲಾವಿದರದ್ದೆಂಬ ಕಾರಣಕ್ಕೆ ಬಂದವು ಎಷ್ಟೋ ಇದ್ದವು ಎಂದು ಅವರು ಮುಂದೆ ಹೇಳಿದ್ದಾರೆ. ತಮ್ಮ ಉದ್ದೇಶದಲ್ಲಿ ದ್ವೇಷವಿರಲಿಲ್ಲ ಎಂಬುದು ಡಾಲ್ ಅವರ ವಾದ. ಅವರ ಮನಸ್ಸಿನಲ್ಲಿ ಏನಿತ್ತೋ ಇರಲಿ, ಆ ಗುಂಪಿನ ಕೋಪವನ್ನು ನಾನು ಸಂಗೀತದ ಅಭಿರುಚಿ ಎಂದು ಒಪ್ಪಲಾರೆ. ಡಿಸ್ಕೊ ಬೆಳೆದದ್ದು ನ್ಯೂಯಾರ್ಕಿನ ಕಪ್ಪು ಜನರ, ಲ್ಯಾಟಿನೊಗಳ, ಸಲಿಂಗಿಗಳ ಕ್ಲಬ್ಬುಗಳಲ್ಲಿ. ಸಿಟ್ಟು ನಾಲ್ಕು ಪೆಟ್ಟಿನ ಬೀಟಿನ ಮೇಲಿರಲಿಲ್ಲ, ಆ ಬೀಟಿಗೆ ಯಾರು ಕುಣಿಯುತ್ತಾರೆ ಎಂಬುದರ ಮೇಲಿತ್ತು. ಬೀಟು ಸುಡಲೂ ಇಲ್ಲ. 1984ರಲ್ಲಿ ಅದೇ ಲಾರೆನ್ಸ್, ಜೆಸ್ಸಿ ಸಾಂಡರ್ಸ್ ಜತೆ ಮಾಡಿದ 'ಆನ್ ಅಂಡ್ ಆನ್' ಮೊದಲ ಹೌಸ್ ರೆಕಾರ್ಡುಗಳಲ್ಲಿ ಒಂದು. ಹೌಸ್ ಎಂದರೆ ಮತ್ತೆ ಅದೇ ನಾಲ್ಕು ಪೆಟ್ಟು, ಅದೇ ಷಿಕಾಗೊದಲ್ಲಿ.

ಎಲ್ಲ ಬೆಸುಗೆಯೂ ಕೂಡಿತು ಎಂದು ಹೇಳಲಾರೆ. ಕ್ವೀನ್‌ನ 1982ರ 'ಹಾಟ್ ಸ್ಪೇಸ್' ಆಲ್ಬಮ್ಮಿನಲ್ಲಿ ಬ್ರಯನ್ ಮೇ ಅವರ ಗಿಟಾರ್ ಮೂಲೆ ಸೇರಿತು, ಕುಣಿತದ ಹಾಡುಗಳು ತೆಳ್ಳಗಾದವು. 1988ರಲ್ಲಿ ಜೂಡಸ್ ಪ್ರೀಸ್ಟ್ ತಂಡ ಬ್ರಿಟನ್ನಿನ ಡಾನ್ಸ್-ಪಾಪ್ ನಿರ್ಮಾಪಕರಾದ ಸ್ಟಾಕ್, ಏಟ್ಕನ್, ವಾಟರ್‌ಮನ್ ತ್ರಯರ ಜತೆ ಹಾಡುಗಳನ್ನು ಧ್ವನಿಮುದ್ರಿಸಿತು, ಆದರೆ ಆಲ್ಬಮ್ಮಿಗೆ ಸೇರಿಸಲಿಲ್ಲ. ನನ್ನ ಅಳತೆಗೋಲು ಇಷ್ಟೇ: ಡಿಸ್ಕೊ ಬೀಟ್ ಬಂದಾಗ ಗಿಟಾರ್ ಇನ್ನೂ ಭಾರವಾಗಬೇಕು. ಬೀಟಿಗೆ ಹೆದರಿ ಗಿಟಾರ್ ದನಿ ತಗ್ಗಿಸಿದ ಕಡೆಯೆಲ್ಲ ಹಾಡು ಸೋತಿದೆ.

ಹೊಸ ತಲೆಮಾರಿಗೆ ಈ ಅಳುಕು ಇಲ್ಲ. ನಿರ್ವಾಣ ತಂಡದ 'ನೆವರ್‌ಮೈಂಡ್' ಆಲ್ಬಮ್ಮಿನ ಡ್ರಮ್ಸ್‌ಗೆ ಗ್ಯಾಪ್ ಬ್ಯಾಂಡ್, ಕ್ಯಾಮಿಯೊ ಮತ್ತು ಅದೇ ಟೋನಿ ಥಾಂಪ್ಸನ್ ಅವರಿಂದ ಧಾರಾಳವಾಗಿ ಎತ್ತಿಕೊಂಡೆ ಎಂದು ಡೇವ್ ಗ್ರೋಲ್ 2021ರಲ್ಲಿ ಹೇಳಿದರು. ಅದೇ ವರ್ಷ ಅವರ ಫೂ ಫೈಟರ್ಸ್ ತಂಡ 'ಡೀ ಜೀಸ್' ಎಂಬ ಹೆಸರಿಟ್ಟುಕೊಂಡು ಡಿಸ್ಕೊ ಕಾಲದ ಬೀ ಜೀಸ್ ತಂಡದ ಹಾಡುಗಳ ರೆಕಾರ್ಡ್ ತಂದಿತು. 1994ರಲ್ಲಿ ಹುಟ್ಟಿದ ಬರ್ಲಿನ್‌ನ ರಾಮ್‌ಸ್ಟೈನ್, ಬರ್ಲಿನ್ ಗೋಡೆ ಬಿದ್ದ ನಂತರದ ಟೆಕ್ನೊ ಕ್ಲಬ್ಬುಗಳ ಊರಿನ ತಂಡ. ಯಂತ್ರದಂತೆ ಅಲುಗದ ಬೀಟಿಗೆ ದಪ್ಪ ಗಿಟಾರ್ ಕೂರಿಸುವ ತಮ್ಮ ಶೈಲಿಯನ್ನು ಅವರು ಕರೆದದ್ದೇ ಡಾನ್ಸ್ ಮೆಟಲ್ ಎಂದು.

ಎಲ್ಲರಿಗಿಂತ ನನಗೆ ಮೆಚ್ಚುಗೆಯಾಗುವುದು ಸ್ವೀಡನ್ನಿನವರು. ಆಬಾ ತಂಡದ ನಾಡು ಅದು. ಮುಖವಾಡ ತೊಟ್ಟು ಹಾಡುವ ಗೋಸ್ಟ್ ತಂಡ 2016ರಲ್ಲಿ ಮೆಟಲ್ ವಿಭಾಗದ ಗ್ರ್ಯಾಮಿ ಗೆದ್ದಿತು. ಅದಕ್ಕೂ ಮೊದಲೇ, 2013ರಲ್ಲಿ, ಇದೇ ಗ್ರೋಲ್ ನಿರ್ಮಾಣದಲ್ಲಿ ಆಬಾದ ಹಾಡೊಂದನ್ನು ಹಾಡಿತ್ತು. 2018ರ 'ಪ್ರೀಕ್ವೆಲ್' ಆಲ್ಬಮ್ಮಿನ 'ಡಾನ್ಸ್ ಮಕಾಬ್ರ್' ಕೇಳಿ. ವಿಷಯ 14ನೆಯ ಶತಮಾನದ ಯುರೋಪಿನ ಪ್ಲೇಗು, ಸಾಯುವ ಮೊದಲಿನ ಕೊನೆಯ ಕುಣಿತ. ಬೀಟು ಕುಣಿಯುವ ಅಂಗಳದ್ದು. ಸಾವಿನ ವಸ್ತು ಮೆಟಲ್‌ಗೆ ಹಳೆಯದು, ಅದನ್ನು ಹೀಗೆ ನಗುನಗುತ್ತ ಕುಣಿಸಿ ಹೇಳಿದಾಗ ಎದೆಗೆ ಇನ್ನೂ ಗಟ್ಟಿಯಾಗಿ ತಾಗುತ್ತದೆ. ಸೋಯಿಲ್‌ವರ್ಕ್, ಆರ್ಚ್ ಎನಿಮಿಯಂಥ ಘೋರ ಮೆಟಲ್ ತಂಡಗಳ ಕಲಾವಿದರು ಸೇರಿ ಕಟ್ಟಿದ ನೈಟ್ ಫ್ಲೈಟ್ ಆರ್ಕೆಸ್ಟ್ರಾ ಅಂತೂ ಎಪ್ಪತ್ತರ ದಶಕದ ಕ್ಲಬ್ಬಿನ ಸೊಗಸನ್ನೇ ಮನಸಾರೆ ನುಡಿಸುತ್ತದೆ.

ಬೆಂಗಳೂರಿಗೆ ಮೆಟಲ್ ಹೊಸದಲ್ಲ. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್‌ಗೆ, 2011ರಲ್ಲಿ ಮೆಟಾಲಿಕಾಗೆ ಸೇರಿದ ಜನರೇ ಸಾಕ್ಷಿ. ಇಲ್ಲಿಯದೇ ಆದ ಕ್ರಿಪ್ಟೋಸ್ 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಉತ್ಸವದಲ್ಲಿ ನುಡಿಸಿತು. ಕೂದಲು ಬಿಟ್ಟು ತಲೆ ಕೊಡಹುವ ನಮ್ಮ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ: ಡಿಸ್ಕೊ ಎಂದರೆ ಮೂಗು ಮುರಿಯುವ ಅಭ್ಯಾಸವನ್ನು ಷಿಕಾಗೊದ ಆ ಗುಂಪಿನಿಂದ ಎರವಲು ತರಬೇಡಿ. ಮೊದಲು 'ಹಾಟ್ ಸ್ಟಫ್' ಕೇಳಿ, ಆಮೇಲೆ ಕಿಸ್, ಆಮೇಲೆ ಗೋಸ್ಟ್. ಗಿಟಾರಿನ ಮೇಲಿಂದ ಗಮನ ತೆಗೆದು ಬಾಸ್ ಡ್ರಮ್ ಮೇಲಿಡಿ. ಕೇಳುವುದು ಮಾತ್ರ ಒಳ್ಳೆಯ ಹೆಡ್‌ಫೋನಿನಲ್ಲೋ ದೊಡ್ಡ ಸ್ಪೀಕರಿನಲ್ಲೋ ಆಗಲಿ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಆ ನಾಲ್ಕು ಪೆಟ್ಟಿನ ಭಾರ ಕಿವಿಗೆ ಬೀಳುವುದೇ ಇಲ್ಲ.