‘ದ್ಯಾಟ್’, ‘ದೋಸ್’ ಮತ್ತು ನಮ್ಮ ‘ಅದು’, ‘ಅವು’

ಕಾರ್ಕಳದ ಗೊಮ್ಮಟನನ್ನು ಕುರಿತು ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವಾಗ ನಾನು ಹೀಗೊಂದು ವಾಕ್ಯ ಬರೆದಿದ್ದೆ: ‘ದ ಸ್ಟ್ಯಾಚ್ಯೂ ಆಫ್ ಕಾರ್ಕಳ ಈಸ್ ಸ್ಮಾಲರ್ ದ್ಯಾನ್ ಶ್ರವಣಬೆಳಗೊಳ.’ 1432ರಲ್ಲಿ ಸ್ಥಾಪನೆಯಾದ ಕಾರ್ಕಳದ ವಿಗ್ರಹ 42 ಅಡಿ. ಬೆಳಗೊಳದ್ದು ಸುಮಾರು 58 ಅಡಿ. ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೂ ಹಾಳೆ ಮರಳಿ ಕೈಸೇರಿದಾಗ ಆ ವಾಕ್ಯದ ಕೆಳಗೆ ಕೆಂಪು ಗೆರೆ! ನಾನು ವಿಗ್ರಹವನ್ನು ವಿಗ್ರಹದೊಡನೆ ಹೋಲಿಸಿರಲಿಲ್ಲ. ಒಂದು ಊರಿನೊಡನೆ ಹೋಲಿಸಿದ್ದೆ. ಕಲ್ಲಿನ ಮೂರ್ತಿಯೊಂದು ಇಡೀ ಊರಿಗಿಂತ ಚಿಕ್ಕದೆಂದು ಹೇಳುವುದಕ್ಕೆ ಪ್ರಬಂಧವೇಕೆ ಬೇಕು?

‘ದ್ಯಾನ್ ದ್ಯಾಟ್ ಆಫ್ ಶ್ರವಣಬೆಳಗೊಳ’ ಎಂದಿರಬೇಕಾಗಿತ್ತು. ಇಲ್ಲಿ ‘ದ್ಯಾಟ್’ ಎಂಬ ಸರ್ವನಾಮವು ‘ಸ್ಟ್ಯಾಚ್ಯೂ’ ಎಂಬ ನಾಮಪದದ ಸ್ಥಾನದಲ್ಲಿ ನಿಲ್ಲುತ್ತದೆ. ಬಹುವಚನವಾದರೆ ‘ದೋಸ್’. ನಿಯಮ ಇಷ್ಟೇ.

ಈ ತಪ್ಪಿಗೆ ನಮ್ಮ ಮಾತೃಭಾಷೆಯೇ ಕಾರಣವೆಂದು ಹೇಳುವುದುಂಟು. ನನಗೆ ಅದು ಅರ್ಧ ಸತ್ಯವಾಗಿ ತೋರುತ್ತದೆ. ‘ಉಡುಪಿಯ ಮಳೆ ಮೈಸೂರಿಗಿಂತ ಹೆಚ್ಚು’ ಎಂದು ನಾವು ಮಾತಿನಲ್ಲಿ ಹೇಳಿಬಿಡುತ್ತೇವೆ, ಕೇಳುವವರು ಅರ್ಥಮಾಡಿಕೊಳ್ಳುತ್ತಾರೆ. ಆ ಅಭ್ಯಾಸವೇ ಇಂಗ್ಲಿಷಿಗೂ ನುಸುಳುತ್ತದೆ. ಆದರೆ ಕನ್ನಡದಲ್ಲಿ ‘ಮೈಸೂರಿನದ್ದಕ್ಕಿಂತ’ ಎಂಬ ರೂಪವೂ ಇದೆಯಲ್ಲವೆ? ‘ಮೈಸೂರಿನದ್ದು’ ಎಂದರೆ ‘ಮೈಸೂರಿನ ಅದು’. ಆ ‘ಅದು’ವೇ ಇಂಗ್ಲಿಷಿನ ‘ದ್ಯಾಟ್’. ನಂದಿಕೂರಿನ ನಮ್ಮ ಮನೆಯಲ್ಲಿ ನನಗಿಂತ ಮೊದಲು ಇಂಗ್ಲಿಷ್ ಕಲಿತವರಿಲ್ಲ. ಆದರೂ ‘ಈ ಮರದ ಹಲಸು ಆ ಮರದ್ದಕ್ಕಿಂತ ಸಿಹಿ’ ಎಂದು ತಾಯಿ ಹೇಳುವಾಗ ಈ ನಿಯಮ ಒಂದಿಷ್ಟೂ ತಪ್ಪುವುದಿಲ್ಲ. ಈಗ ನಾನು ‘ದ್ಯಾನ್’ ಎಂದು ಬರೆದೊಡನೆ ಲೇಖನಿಯನ್ನು ತಡೆದು, ಕನ್ನಡದ ಪೂರ್ಣ ರೂಪವನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ. ‘ದ್ದು’ ಬಂದರೆ ‘ದ್ಯಾಟ್’ ಬೇಕೆಂದು ತಿಳಿಯುತ್ತದೆ.

ವಚನದ ವಿಷಯದಲ್ಲಿ ಮಾತ್ರ ಈ ಉಪಾಯ ಸಾಲದು. ‘ಮಟ್ಟಿನ ಗುಳ್ಳ ಪೇಟೆಯದ್ದಕ್ಕಿಂತ ರುಚಿ’ ಎನ್ನುತ್ತೇವೆ. ಗುಳ್ಳ ಒಂದಿರಲಿ, ಬುಟ್ಟಿ ತುಂಬ ಇರಲಿ, ನಮಗೆ ಅದು ‘ಗುಳ್ಳ’ವೇ. ‘ಪೇಟೆಯವುಗಳಿಗಿಂತ’ ಎಂದು ವ್ಯಾಕರಣಬದ್ಧವಾಗಿ ಹೇಳಿದರೆ ಸಂತೆಯಲ್ಲಿ ನಕ್ಕಾರು! ಇಂಗ್ಲಿಷಿನಲ್ಲಿ ‘ಬ್ರಿಂಜಾಲ್ಸ್’ ಎಂದ ಮೇಲೆ ‘ದೋಸ್’ ಎನ್ನದೆ ವಿಧಿಯಿಲ್ಲ.

ಹಾಗೆಂದು ಮೊದಲ ನಾಮಪದದ ವಚನವನ್ನೇ ಕಣ್ಣುಮುಚ್ಚಿ ಅನುಸರಿಸಲೂ ಆಗದು. ಕಾರ್ಕಳದ ವಿಗ್ರಹ 1604ರ ವೇಣೂರಿನ ವಿಗ್ರಹಕ್ಕಿಂತಲೂ, 1982ರಲ್ಲಿ ಪ್ರತಿಷ್ಠೆಗೊಂಡ ಧರ್ಮಸ್ಥಳದ 39 ಅಡಿಯ ವಿಗ್ರಹಕ್ಕಿಂತಲೂ ಎತ್ತರವಾಗಿದೆ. ಇದನ್ನು ಒಂದೇ ವಾಕ್ಯದಲ್ಲಿ ಹೇಳುವಾಗ ಆರಂಭದಲ್ಲಿರುವುದು ಏಕವಚನದ ‘ಸ್ಟ್ಯಾಚ್ಯೂ’. ಆದರೂ ‘ದ್ಯಾನ್ ದೋಸ್ ಆಫ್ ವೇಣೂರು ಆಂಡ್ ಧರ್ಮಸ್ಥಳ’ ಎಂದೇ ಬರೆಯಬೇಕು. ಸರ್ವನಾಮವು ಯಾವುದರ ಬದಲಿಗೆ ನಿಂತಿದೆಯೋ ಅದರ ಸಂಖ್ಯೆ ಮುಖ್ಯ. ಇಲ್ಲಿ ಅವು ಎರಡು.

ಇನ್ನೊಂದು ತೊಡಕು ನಮ್ಮ ಸೌಜನ್ಯದಿಂದಲೇ ಬಂದುದು. ‘ನಮ್ಮ ಪ್ರಿನ್ಸಿಪಾಲರು ನೆರೆಯೂರ ಕಾಲೇಜಿನವರಿಗಿಂತ ಹಿರಿಯರು’ ಎನ್ನುತ್ತೇವೆ. ಗೌರವದ ಈ ಬಹುವಚನವನ್ನು ನಂಬಿ ‘ದೋಸ್’ ಎಂದು ಬರೆದರೆ ಆ ಕಾಲೇಜಿಗೆ ಹಲವು ಮಂದಿ ಪ್ರಿನ್ಸಿಪಾಲರಿದ್ದಾರೆಂದಾಗುತ್ತದೆ. ‘ದ್ಯಾಟ್’ ಎಂದರೆ ಅವರನ್ನು ವಸ್ತುಗಳ ಸಾಲಿಗೆ ಸೇರಿಸಿದಂತಾಗುತ್ತದೆ. ಅಲ್ಲಿ ಸರ್ವನಾಮದ ಗೊಡವೆಯನ್ನೇ ಬಿಟ್ಟು ‘ದ್ಯಾನ್ ದ ಪ್ರಿನ್ಸಿಪಾಲ್ ಆಫ್’ ಎಂದು ನಾಮಪದವನ್ನೇ ಮತ್ತೊಮ್ಮೆ ಬರೆಯುವುದು ಕ್ಷೇಮ.