ಹೃದಯಾಘಾತವೂ ರಕ್ತಪರೀಕ್ಷೆಯೂ

ಕಳೆದ ಮಳೆಗಾಲದಲ್ಲಿ ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳ ತಾಯಿಯವರಿಗೆ ನಸುಕಿನಲ್ಲಿ ದವಡೆಯಲ್ಲಿಯೂ ಬೆನ್ನಿನಲ್ಲಿಯೂ ನೋವು ತೋರಿ, ಮೈಯೆಲ್ಲಾ ಬೆವೆತಿತು. ಮನೆಯವರು ವಾಯುವೆಂದೆಣಿಸಿ ಓಮದ ಕಷಾಯ ಕೊಟ್ಟರು. ಬಳಿಕ ಒಂದು ಚಿಕಿತ್ಸಾಲಯಕ್ಕೆ ಕರೆದೊಯ್ದಾಗ ನೋವು ತೊಡಗಿ ಒಂದೂವರೆ ಗಂಟೆಯೂ ಆಗಿರಲಿಲ್ಲ. ಅಲ್ಲಿ ಒಂದು ಸಲ ರಕ್ತವನ್ನು ಪರೀಕ್ಷಿಸಿ, ಹೃದಯಕ್ಕೇನೂ ಆಗಿಲ್ಲವೆಂದು ಮನೆಗೆ ಕಳುಹಿಸಿದರು. ಸಂಜೆ ಬೇರೊಂದೆಡೆ ನೋಡಿಸಿದಾಗ ಹೃದಯಾಘಾತವೆಂದು ತಿಳಿದುಬಂತು. "ಬೆಳಗಿನ ಪರೀಕ್ಷೆ ಸುಳ್ಳಾಗಿತ್ತೇ, ಟೀಚರ್?" ಎಂದು ಆ ಮಗಳು ನನ್ನನ್ನು ಕೇಳಿದಳು. ನಾನು ವೈದ್ಯಳಲ್ಲ, ವಿಜ್ಞಾನವನ್ನು ಕಲಿಸುವವಳು ಮಾತ್ರ. ಆದರೂ ಆ ಪ್ರಶ್ನೆಗೆ ಉತ್ತರವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಅರಿತಿರಬೇಕೆಂದು ಇಲ್ಲಿ ಬರೆಯುತ್ತೇನೆ. ಪರೀಕ್ಷೆಯು ಸುಳ್ಳಲ್ಲ, ಹೊತ್ತಿಗೆ ಮುಂಚೆ ಮಾಡಿದುದಾಗಿತ್ತು.

ಆಲೂಗಡ್ಡೆಯ ಚೂರಿನ ಮೇಲೆ ಹೈಡ್ರೊಜನ್ ಪೆರಾಕ್ಸೈಡ್ ಸುರಿದಾಗ ಬುಸುಬುಸನೆ ನೊರೆಯೆದ್ದುದನ್ನು ನಮ್ಮ ಪ್ರಯೋಗಶಾಲೆಯಲ್ಲಿ ನೋಡಿದವರು ಮರೆತಿರಲಾರರು. ಆ ನೊರೆಗೆ ಕಾರಣವಾದುದು ಕಿಣ್ವವೆಂಬ ದ್ರವ್ಯ. ಜೀವಕೋಶಗಳೊಳಗಿನ ಕೆಲಸವೆಲ್ಲ ಇಂತಹ ಕಿಣ್ವಗಳಿಂದಲೇ ನಡೆಯುವುದು. ಹೃದಯದ ಸ್ನಾಯುವಿಗೆ ರಕ್ತವನ್ನೊಯ್ಯುವ ನಾಳದಲ್ಲಿ ಹೆಪ್ಪು ಕಟ್ಟಿದರೆ, ಆ ಭಾಗದ ಕೋಶಗಳು ಉಸಿರಿಲ್ಲದೆ ಸಾಯತೊಡಗುವುವು. ಅವುಗಳ ಗೋಡೆ ಒಡೆದು ಒಳಗಿನ ದ್ರವ್ಯಗಳು ರಕ್ತಕ್ಕೆ ಸೋರುವುವು. ಕಣಜದ ಗೋಡೆ ಬಿರಿದರೆ ಜೋಳವು ಅಂಗಳಕ್ಕೆ ಸುರಿಯುವಂತೆ ಇದು. ಆದರೆ ಗೋಡೆ ಬಿರಿದ ಕ್ಷಣದಲ್ಲಿಯೇ ಅಂಗಳದಲ್ಲಿ ರಾಶಿ ಕಾಣಿಸದು.

1954ರಲ್ಲಿ ನ್ಯೂಯಾರ್ಕಿನ ಲಾಡ್ಯೂ, ರೊಬ್ಲೆವ್‌ಸ್ಕಿ, ಕಾರ್ಮೆನ್ ಎಂಬ ಮೂವರು, ಹೃದಯಾಘಾತವಾದವರ ರಕ್ತದಲ್ಲಿ ಎಸ್.ಜಿ.ಓ.ಟಿ. ಎಂಬ ಕಿಣ್ವವು ಏರುವುದೆಂದು ಪ್ರಕಟಿಸಿದರು. ಅದು ಯಕೃತ್ತಿನಲ್ಲಿಯೂ ಇರುವುದರಿಂದ ಕಾಮಾಲೆಯವರಲ್ಲಿಯೂ ಏರುವುದು. ತರುವಾಯ ಬಂದ ಸಿ.ಕೆ. ಎಂಬ ಕಿಣ್ವವು ಕೈಕಾಲುಗಳ ಸ್ನಾಯುಗಳಲ್ಲಿಯೂ ಉಂಟು. ಇಡೀ ದಿನ ಅಡಕೆಮೂಟೆ ಹೊತ್ತವನ ರಕ್ತದಲ್ಲಿಯೂ ಅದು ಹೆಚ್ಚಬಹುದು. ಆದುದರಿಂದ ಅದರಲ್ಲಿ ಹೃದಯಕ್ಕೆ ಹೆಚ್ಚು ಸಂಬಂಧಪಟ್ಟ ಎಂ.ಬಿ. ಎಂಬ ಅಂಶವನ್ನು ಬೇರ್ಪಡಿಸಿ ಅಳೆಯತೊಡಗಿದರು. ಇದು ಸಾಮಾನ್ಯವಾಗಿ ನಾಲ್ಕಾರು ಗಂಟೆಗಳಲ್ಲಿ ಏರತೊಡಗಿ, ಸುಮಾರು ಒಂದು ದಿನಕ್ಕೆ ತುದಿಮುಟ್ಟಿ, ಎರಡು ಮೂರು ದಿನಗಳಲ್ಲಿ ಇಳಿದುಹೋಗುವುದು.

ಈಗ ವೈದ್ಯರು ಹೆಚ್ಚಾಗಿ ನೆಚ್ಚುವುದು ಟ್ರೋಪೋನಿನ್ ಎಂಬುದನ್ನು. ಅನೇಕರು ಇದನ್ನೂ ಕಿಣ್ವವೆಂದು ಕರೆಯುವರು, ಅದು ತಪ್ಪು. ಸ್ನಾಯುವಿನ ಕುಗ್ಗುಹಿಗ್ಗುಗಳನ್ನು ನಿಯಂತ್ರಿಸುವ ಪ್ರೋಟೀನ್ ಅದು. 1960ರ ದಶಕದಲ್ಲಿ ಜಪಾನಿನ ಎಬಾಶಿಯವರು ಅದನ್ನು ಕಂಡುಹಿಡಿದರು. ಹೃದಯದ ಟ್ರೋಪೋನಿನ್ನಿನ ರಚನೆಯೇ ಬೇರೆಯಾಗಿರುವುದರಿಂದ ಕೈಕಾಲಿನ ಸ್ನಾಯುವಿನದರೊಡನೆ ಬೆರಸಿ ಮೋಸಹೋಗುವ ಭಯ ಕಡಮೆ. ಹಳೆಯ ಬಗೆಯ ಪರೀಕ್ಷೆಯಲ್ಲಿ ಇದು ಕಾಣಿಸಿಕೊಳ್ಳಲು ಮೂರರಿಂದ ಆರು ಗಂಟೆ ಬೇಕು. ಒಂದೆರಡು ವಾರದವರೆಗೂ ರಕ್ತದಲ್ಲಿ ಉಳಿಯುವುದು. ಅತಿಸೂಕ್ಷ್ಮವಾದ ಹೊಸ ಪರೀಕ್ಷೆಯು ಇನ್ನೂ ಬೇಗ ತಿಳಿಸುವುದಾದರೂ, ನೋವು ತೊಡಗಿದ ಕೂಡಲೆ ಬಂದವರಿಗೆ ಗಂಟೆಯೊಂದೋ ಎರಡೋ ಮೂರೋ ಕಳೆದ ಮೇಲೆ ಮತ್ತೊಮ್ಮೆ ರಕ್ತ ನೋಡಲೇಬೇಕು. ಒಂದು ಅಂಕಿಗಿಂತ ಅದರ ಏರಿಳಿತವೇ ಮುಖ್ಯ. ಮೂತ್ರಪಿಂಡದ ರೋಗವುಳ್ಳವರಲ್ಲಿ ಆಘಾತವಿಲ್ಲದೆಯೂ ಅಂಕಿಯು ಮೇಲಿರುವುದುಂಟು.

ಹಾಗಾದರೆ ರಕ್ತದ ಫಲಿತಾಂಶ ಬರುವ ತನಕ ಕಾದಿರಬೇಕೇ? ಎಂದಿಗೂ ಬೇಡ. ಮೊದಲು ಆಗಬೇಕಾದುದು ಇ.ಸಿ.ಜಿ.; ಆಸ್ಪತ್ರೆಯನ್ನು ಸೇರಿದ ಹತ್ತು ನಿಮಿಷದೊಳಗೆ. ನಾಳವು ಪೂರ್ತಿ ಮುಚ್ಚಿರುವ ಗುರುತು ಅದರಲ್ಲಿ ಸ್ಪಷ್ಟವಾಗಿ ಕಂಡರೆ ರಕ್ತಪರೀಕ್ಷೆಗೆ ಕಾಯದೆ ಚಿಕಿತ್ಸೆ ತೊಡಗುವರು. ಮೊದಲಿನ ಇ.ಸಿ.ಜಿ. ಸರಿಯಿದ್ದು ನೋವು ಮಾತ್ರ ನಿಲ್ಲದಿದ್ದರೆ ಅದನ್ನೂ ಮರಳಿ ಮಾಡಬೇಕು.

ಚನ್ನಗಿರಿ, ಹೊನ್ನಾಳಿ, ಜಗಳೂರುಗಳಿಂದ ದಾವಣಗೆರೆಗೂ ನ್ಯಾಮತಿಯಿಂದ ಶಿವಮೊಗ್ಗಕ್ಕೂ ಹೋಗುವ ಹಾದಿಯನ್ನು ನೀವು ಬಲ್ಲಿರಿ. ಹಳ್ಳಿಯಿಂದ ತಾಲ್ಲೂಕಿನ ಊರು ಸೇರುವುದಕ್ಕೇ ಎಷ್ಟೋ ಹೊತ್ತು ಹಿಡಿಯುವುದು. ಇದಕ್ಕೆಂದೇ ಕರ್ನಾಟಕ ಸರಕಾರವು, 2021ರ ಅಕ್ಟೋಬರ್ 29ರಂದು ತಮ್ಮ 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ 'ಹೃದಯ ಜ್ಯೋತಿ' ಯೋಜನೆಯನ್ನು ತಂದಿದೆ. ಅದಕ್ಕೆ ಸೇರಿದ ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವ ಮೊದಲಾದ ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ಓದುವರು. ಅಗತ್ಯವಿದ್ದರೆ ಹೆಪ್ಪನ್ನು ಕರಗಿಸುವ ಟೆನೆಕ್ಟಿಪ್ಲೇಸ್ ಎಂಬ ಬೆಲೆಯುಳ್ಳ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುವರು. ಈ ಮದ್ದು ಮೊದಲ ಕೆಲವು ಗಂಟೆಗಳಲ್ಲಿಯೇ ಹೆಚ್ಚು ಫಲಕಾರಿ. ಹನ್ನೆರಡು ಗಂಟೆ ಮೀರಿದರೆ ಪ್ರಯೋಜನ ಅತ್ಯಲ್ಪ. ನಿಮ್ಮ ಆಸ್ಪತ್ರೆಯಲ್ಲಿ ಈ ಏರ್ಪಾಡುಂಟೋ ಎಂಬುದನ್ನು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿರಿ. 108ಕ್ಕೆ ಕರೆಮಾಡುವಾಗ ನೋವು ಎಷ್ಟು ಗಂಟೆಗೆ ತೊಡಗಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದಿಡಿರಿ. ರಕ್ತಪರೀಕ್ಷೆಯ ಅರ್ಥವೆಲ್ಲ ಆ ಗಂಟೆಯ ಮೇಲೆ ನಿಂತಿದೆ.

ತಾಯಂದಿರಿಗೆ ಇನ್ನೊಂದು ಮಾತು. ಹೆಂಗಸರಲ್ಲಿಯೂ ಎದೆನೋವೇ ಮುಖ್ಯ ಗುರುತಾದರೂ, ಏದುಸಿರು, ವಾಕರಿಕೆ, ಕಾರಣವಿಲ್ಲದ ಆಯಾಸ, ದವಡೆ ಬೆನ್ನುಗಳ ನೋವು ಗಂಡಸರಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುವುವು. ಮನೆಗೆಲಸ ಮುಗಿಸಿ ನೋಡೋಣವೆಂದು ನಾವು ಮುಂದಕ್ಕೆ ಹಾಕುತ್ತೇವೆ. ಒಮ್ಮೆ ರಕ್ತ ತೆಗೆದು ಮನೆಗೆ ಹೋಗೆಂದರೆ, "ಇನ್ನೊಮ್ಮೆ ಯಾವಾಗ ನೋಡುವಿರಿ?" ಎಂದು ವಿನಯದಿಂದಲೇ ಕೇಳಬಹುದು. ವೈದ್ಯರು ಅದಕ್ಕೆ ಸಿಟ್ಟಾಗರು, ಆದರೂ ಚಿಂತೆಯಿಲ್ಲ.

ನಾನು ಮೊದಲು ಹೇಳಿದ ತಾಯಿಯವರು ಬದುಕಿಕೊಂಡರು. ಹೃದಯದ ಒಂದು ಭಾಗ ಬಲಗುಂದಿರುವುದರಿಂದ, ಪ್ರತಿವರ್ಷವೂ ಮಗಳೊಡನೆ ನಮ್ಮ ಶಾಲಾದಿನಾಚರಣೆಗೆ ಬಂದು ಮಹಡಿಯ ಸಭಾಂಗಣದಲ್ಲಿ ಕುಳಿತುಕೊಳ್ಳುತ್ತಿದ್ದವರು ಈ ಸಲ ಕೆಳಗಿನ ಜಗಲಿಯಲ್ಲಿಯೇ ಕುಳಿತು ಹಾಡುಗಳನ್ನು ಕೇಳಿದರು.